ಗಾಳಿಕಿಂಡಿಯ ಮೇಲೆ ನನ್ನ ಮುಖ

“ಗಂಡಸಿ ಊರಿನ ಹುಡುಗಿ ಫ್ಯಾನನ್ನು ಉಲ್ಟಾ ಕೂರಿಸಿದಳು, ಅದಕ್ಕೇ ಹೋಮದ ಹೊಗೆಯೆಲ್ಲ ಊಟದ ಮನೆಗೆ ನುಗ್ಗಿ, ಪಾಯಸ ಬಡಿಸುವ ಹೊತ್ತಿಗೆ ಬೀಗರೆಲ್ಲ ಕಣ್ಣೀರು ಹಾಕಿದರು.” ಹಳೇಬೀಡಿನ ನಮ್ಮ ಸಮುದಾಯ ಭವನದಲ್ಲಿ ನಡೆದ ಮೊಟ್ಟಮೊದಲ ಮದುವೆಯ ವಿಚಾರ ಬಂದಾಗಲೆಲ್ಲ ಜನ ಈಗಲೂ ಹೀಗೆಯೇ ಹೇಳುತ್ತಾರೆ. ಕಣ್ಣೀರಿನ ಮಟ್ಟಿಗೆ ಈ ಕಥೆ ನಿಜ. ಮಿಕ್ಕಿದ್ದೆಲ್ಲ ಸುಳ್ಳು. ಅದು ಸುಳ್ಳೆಂದು ನಾನು ಇಷ್ಟು ಖಚಿತವಾಗಿ ಹೇಳಬಲ್ಲೆನಾದರೆ ಅದಕ್ಕೆ ಕಾರಣವಿದೆ: ಈ ಕಥೆಯನ್ನು ಮೊದಲು ಹೇಳಿದವನು ನಾನೇ.

ಇದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಬಹುಕಾಲ ಪುಸ್ತಕದಂಗಡಿ ನೋಡಿಕೊಂಡಿದ್ದೆ. ಮಾರಬೇಕಾದ ಪುಸ್ತಕವನ್ನು ಮೊದಲು ನಾನು ಓದಿ ಮುಗಿಸುತ್ತಿದ್ದೆನಾದ್ದರಿಂದ ವ್ಯಾಪಾರ ಅಷ್ಟಕ್ಕಷ್ಟೇ ಆಯಿತು. ರೈಲುಗಳು ತಡವಾಗಿ ಬಂದಷ್ಟೂ ನನ್ನ ವಿದ್ಯಾಭ್ಯಾಸ ಮಾತ್ರ ಮುಂದುವರಿಯಿತು. ಹೀಗೆ ಸ್ವಂತ ಖರ್ಚಿನಲ್ಲಿ ವಿದ್ಯಾವಂತನಾದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ಆಧಾರ ಕೇಳುವುದು. ಅಂಗಡಿ ಬಿಟ್ಟು ಹಳೇಬೀಡಿಗೆ ಬಂದ ಮೇಲೆ ಈ ರೋಗ ಉಲ್ಬಣಿಸಿತು. ಗುಡಿಯ ಮುಂದೆ ಗೈಡುಗಳು ಶಿಲ್ಪಿಗಳ ಪ್ರೇಮಕಥೆ ಹೇಳುತ್ತಿದ್ದರೆ ನಾನು ಪ್ರವಾಸಿಗರ ಹಿಂದಿನಿಂದ “ಇದಕ್ಕೆ ಶಾಸನ ಐತೇನಪ್ಪಾ?” ಎಂದು ಕೇಳುತ್ತಿದ್ದೆ. ನನ್ನ ಕೊಡೆ ದೂರದಲ್ಲಿ ಕಂಡರೆ ಸಾಕು, ಗೈಡು ಲೋಕೇಶ “ಬುಕ್ ಸ್ಟಾಲ್ ರಂಗಪ್ಪ ಬಂದ್ರು, ಎಲ್ರೂ ಆ ಕಡೆ ನಂದಿ ನೋಡನ ಬನ್ನಿ” ಎಂದು ಗುಂಪನ್ನೇ ಸಾಗಿಸಿಬಿಡುತ್ತಿದ್ದ.

ಇಂಥ ಪಂಡಿತನನ್ನು ಬಿಟ್ಟು ಸಮುದಾಯ ಭವನ ಕಟ್ಟುವುದುಂಟೆ? ಭವನ ಸಮಿತಿಯ ಅಧ್ಯಕ್ಷ ಪುಟ್ಟಸ್ವಾಮಿ ನನ್ನನ್ನು ಕಟ್ಟಡದ ಉಸ್ತುವಾರಿಗೆ ಹಾಕಿದರು. ನೀರು, ಗಾಳಿ, ಹೊಗೆಗಳ ವ್ಯವಸ್ಥೆಯನ್ನು ಹಾಸನದ ಒಬ್ಬ ಗುತ್ತಿಗೆದಾರರು ವಹಿಸಿಕೊಂಡರು. ಅವರ ಬಳಿ ತರಬೇತಿಗೆಂದು ಬಂದವಳು ಚಂದನಾ. ಗಂಡಸಿಯ ಹುಡುಗಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಳು. ಕಟ್ಟಡದ ಕೆಲಸದಲ್ಲಿ ಇಂತಿಷ್ಟು ವಾರ ದುಡಿದು, ದಿನಚರಿ ಬರೆದು, ಅದಕ್ಕೆ ಕಟ್ಟಡದವರ ಸಹಿಯನ್ನೂ ಕೊನೆಗೆ ಒಂದು ಸಾಲಿನ ಅಭಿಪ್ರಾಯವನ್ನೂ ಪಡೆದರೆ ಮಾತ್ರ ಕಾಲೇಜಿನವರು ಆ ತರಬೇತಿಯನ್ನು ಒಪ್ಪುತ್ತಿದ್ದರು. ಸಹಿ ಹಾಕುವ ಅಧಿಕಾರ ನನ್ನದು. ಸಹಿ ಹಾಕುವುದಕ್ಕೆಂದೇ ನಾನು ಒಂದು ಹೊಸ ಪೆನ್ನು ಕೊಂಡೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಅಡುಗೆಮನೆಯ ಹೊಗೆಯನ್ನು ಹೊರಗೆ ತಳ್ಳಲು ಗುಡಾಣದಷ್ಟು ದೊಡ್ಡ ಫ್ಯಾನು ಬಂತು. ಅದರ ಎದುರಿಗೆ, ರಸ್ತೆಯ ಕಡೆಯ ಗೋಡೆಯಲ್ಲಿ, ತಗಡಿನ ಆರು ಅಡ್ಡಪಟ್ಟಿಗಳಿದ್ದ ಒಂದು ದೊಡ್ಡ ಗಾಳಿಕಿಂಡಿಯನ್ನು ಚಂದನಾ ಇಡಿಸಿದಳು. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದೇ ಆ ಗೋಡೆ. ಅಲ್ಲಿ ಮುಸುರೆ ಮೋರಿಯ ಜಾಲರಿಯಂಥದ್ದು ಕುಳಿತದ್ದು ನನಗೆ ಹಿಡಿಸಲಿಲ್ಲ.

“ಇದ್ಯಾಕಮ್ಮಾ? ಹೊಗೆ ಹೋಗಕ್ಕೆ ಫ್ಯಾನೈತಲ್ಲ” ಎಂದೆ.

“ಫ್ಯಾನು ಗಾಳಿ ಹುಟ್ಟಿಸಲ್ಲ ತಾತ, ಒಳಗಿರೋದನ್ನ ಆಚೆ ಕಳಿಸುತ್ತೆ ಅಷ್ಟೇ. ಹೋದಷ್ಟು ಗಾಳಿ ಇಲ್ಲಿಂದ ಒಳಗೆ ಬರಬೇಕು. ಎಳನೀರಿಗೆ ಸ್ಟ್ರಾ ಹಾಕಿ, ಸುತ್ತ ಇರೋ ತೂತು ಬೆರಳಲ್ಲಿ ಮುಚ್ಕೊಂಡು ಹೀರಿ ನೋಡಿ. ಬರುತ್ತಾ?”

“ನಾನು ಎಳನೀರು ಎತ್ತಿ ಕುಡಿಯೋನು ಕಣಮ್ಮ.”

ಅವಳು ನಕ್ಕು, ಫ್ಯಾನು ಹಾಕಿಸಿ, ಒಂದು ಊದುಬತ್ತಿ ಹಚ್ಚಿ ಹೊರಗಿನಿಂದ ಕಿಂಡಿಯ ಮುಂದೆ ಹಿಡಿದಳು. ಹೊಗೆಯ ಎಳೆ ನೆಟ್ಟಗೆ ಮೇಲೇಳುವುದನ್ನು ಬಿಟ್ಟು ಪಟ್ಟಿಗಳ ನಡುವೆ ನುಸುಳಿ ಒಳಗೆ ಹೋಯಿತು. “ಇದನ್ನ ಮಾತ್ರ ಯಾವತ್ತೂ ಮುಚ್ಚಬೇಡಿ ತಾತ. ಮುಚ್ಚಿದ್ರೆ ಫ್ಯಾನು ಬೇರೆ ಎಲ್ಲಿಂದಾದ್ರೂ ಗಾಳಿ ಎಳ್ಕೊಳುತ್ತೆ” ಎಂದಳು. ನಾನು ಆಗ ಅವಳಿಗೆ ಬೇಲೂರಿನ ಗುಡಿಯ ಜಾಲಂಧ್ರಗಳ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕಲ್ಲಿನಲ್ಲಿ ಕಿಂಡಿ ಕೊರೆದು ಗಾಳಿ ಬೆಳಕು ಬಿಡುವುದನ್ನು ನಮ್ಮವರು ಎಂದೋ ಅರಿತಿದ್ದರು, ಇದರಲ್ಲಿ ಹೊಸತೇನಿಲ್ಲ ಎಂದೆ. ಅವಳು ತಾಳ್ಮೆಯಿಂದ ಕೇಳಿ, “ಹೌದಲ್ವಾ ತಾತ, ಅದೇ ಇದು” ಎಂದಳು. ಅದೇ ಇದು ಎಂಬುದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೊದಲ ಮದುವೆ ಅಧ್ಯಕ್ಷರ ಮಗಳದೇ. ಸ್ವಾಗತದ ಫ್ಲೆಕ್ಸ್ ಮಾಡಿಸುವ ಭಾರ ನನ್ನ ಮೇಲೆ ಬಿತ್ತು. ವಧೂವರರ ಕೆಳಗೆ ಸಮಿತಿಯವರ ಭಾವಚಿತ್ರಗಳು. ಉಸ್ತುವಾರಿ ನನ್ನದಾದ್ದರಿಂದ ನನ್ನದು ನಟ್ಟನಡುವೆ, ಮಿಕ್ಕವರಿಗಿಂತ ಒಂದು ಸುತ್ತು ದೊಡ್ಡದು. ಅಷ್ಟಗಲದ ಫ್ಲೆಕ್ಸಿಗೆ ಒಪ್ಪುವ ಗೋಡೆ ಇಡೀ ಭವನದಲ್ಲಿ ಒಂದೇ ಇತ್ತು. ಚಂದನಾ ಆ ಎರಡು ದಿನ ಪರೀಕ್ಷೆಗೆಂದು ಕಾಲೇಜಿಗೆ ಹೋಗಿದ್ದಳು. ಕಿಂಡಿಯ ಕುರೂಪವೂ ಮುಚ್ಚಿತು, ಮುಖವೂ ಕಂಡಿತು ಎಂದು ನಾನು ಬೀಗಿದೆ.

ಮುಹೂರ್ತದ ದಿನ ಒಲೆ ಹೊತ್ತಿ, ಫ್ಯಾನು ತಿರುಗಿತು. ಮೊದಲು ಅಡುಗೆಮನೆಯ ಬಾಗಿಲು ತಾನಾಗಿಯೇ ಬಡಿದುಕೊಂಡು, ಸಾಂಬಾರಿನ ಬಕೆಟ್ ಹಿಡಿದವನ ಮೊಣಕೈಗೆ ತಾಗಿತು. ಆಮೇಲೆ ಮಂಟಪದ ಹೋಮದ ಹೊಗೆ, ಕರೆದವರಾರೋ ಇದ್ದಾರೆಂಬಂತೆ, ಶಿಸ್ತಾಗಿ ಊಟದ ಮನೆಯನ್ನು ಹೊಕ್ಕು ಎಲೆಗಳ ಮೇಲೆ ಅಡುಗೆಮನೆಯ ಕಡೆಗೆ ಹಾದುಹೋಗತೊಡಗಿತು. ಅಡುಗೆಯ ನಂಜಪ್ಪ ಸೌಟು ಹಿಡಿದೇ ಹೊರಗೆ ಬಂದು ಕೂಗಿದ: “ಯಾರ್ಲಾ ಇದನ್ನ ಮಾಡ್ಸಿದ್ದು? ನನ್ನ ಒಗ್ಗರಣೆ ಹೊಗೇನೇ ಆಚಿಕೆ ಹೋಗ್ತಿಲ್ಲ, ಇನ್ನು ಪುರೋಹಿತರ ಹೊಗೇನೂ ನಾನೇ ಕುಡೀಲಾ?”

ಅಧ್ಯಕ್ಷರು ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಆಧಾರವಿಲ್ಲದೆ ಬಾಯಿ ಬಿಡದ ನಾನು, ಆಧಾರ ಹುಡುಕುವಷ್ಟು ಪುರುಸೊತ್ತಿಲ್ಲದೆ, “ಆ ಹುಡುಗಿ ಫ್ಯಾನ್ ಉಲ್ಟಾ ಕೂರ್ಸವ್ಳೆ” ಎಂದುಬಿಟ್ಟೆ. ಎಲೆಕ್ಟ್ರಿಶಿಯನ್ ಕೂಡಲೇ ವೈರು ಬದಲಿಸಿ ಫ್ಯಾನನ್ನು ಉಲ್ಟಾ ತಿರುಗಿಸಿದ. ಹೊರಗಿನ ಧೂಳೆಲ್ಲ ಅನ್ನದ ಕೊಪ್ಪರಿಗೆಯ ಕಡೆಗೆ ಬಂದಿತು. ಮತ್ತೆ ಮೊದಲಿನಂತೆಯೇ ಮಾಡಿದರು. ಫ್ಯಾನು ಸರಿಯಾಗಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆದರೆ ಕಥೆ ಆಗಲೇ ಎರಡನೆಯ ಪಂಕ್ತಿಯನ್ನು ದಾಟಿತ್ತು.

ಮರುದಿನ ಚಂದನಾ ದಿನಚರಿ ಹಿಡಿದು ಬಂದಳು. “ತಾತ, ಒಂದ್ಸಲ ಗೋಡೆ ಹತ್ರ ಹೋಗಿ ನೋಡೋಣ ಬನ್ನಿ” ಎಂದು ಎರಡು ಸಲ ಕರೆದಳು. ನಾನು ಹೋಗಲಿಲ್ಲ. “ಕೆಲಸ ತೃಪ್ತಿಕರವಾಗಿಲ್ಲ” ಎಂದು ಹೊಸ ಪೆನ್ನಿನಲ್ಲಿ, ದುಂಡಗೆ ಬರೆದೆ. ಅವಳು ಅದನ್ನು ಓದಿ, ಶಾಯಿ ಆರಲೆಂದು ಪುಸ್ತಕವನ್ನು ತೆರೆದೇ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದಳು.

ಎರಡು ತಿಂಗಳು ಮದುವೆಗಳಿರಲಿಲ್ಲ. ಫ್ಲೆಕ್ಸ್ ಅಲ್ಲಿಯೇ ಇತ್ತು. ಅದನ್ನು ಇಳಿಸಿದ ದಿನ ನೋಡುತ್ತೇನೆ: ನನ್ನ ಹಣೆಯಿಂದ ಗದ್ದದವರೆಗೆ ಆರು ಅಡ್ಡಗೆರೆಗಳು. ಫ್ಯಾನು ಆ ಬಟ್ಟೆಯನ್ನು ಅಷ್ಟು ಬಲವಾಗಿ ಹೀರಿ ಪಟ್ಟಿಗಳಿಗೆ ಒತ್ತಿತ್ತು. ಮೂರನೆಯ ಗೆರೆ ಮೂಗಿನ ಮೇಲೆಯೇ. ಒಳಗೆ ಹೋಗಿ ಫ್ಯಾನು ಹಾಕಿಸಿ, ಹೊರಗೆ ಬಂದು ನನ್ನ ಹೆಗಲ ಟವಲನ್ನು ಕಿಂಡಿಯ ಮುಂದೆ ಹಿಡಿದೆ. ಟವಲು ಕೈಬಿಟ್ಟು ಹೋಗಿ ತಗಡಿಗೆ ಪಟ್ಟನೆ ಅಂಟಿತು.

ಅರಸೀಕೆರೆಗೆ ಹೋಗಿ, ಬಸ್ಸು ಬದಲಿಸಿ ಗಂಡಸಿಗೆ ಹೋದೆ. ಹಸುವಿಗೆ ಹುಲ್ಲು ಹಾಕುತ್ತಿದ್ದ ಅವಳ ತಾಯಿ ನನ್ನ ಕೊಡೆಯನ್ನು ನೋಡಿಯೇ ಗುರುತಿಸಿದರು. “ನೀವೇನಾ ಆ ಪುಸ್ತಕದಂಗಡಿ ಯಜಮಾನ್ರು? ಬನ್ನಿ, ಕೂತ್ಕಳಿ. ಬಾಗ್ಲತಾವ ಬ್ಯಾಡಿ, ಗಾಳಿಗೆ ಅಡ್ಡಾಯ್ತದೆ.” ಚಂದನಾ ಅರಸೀಕೆರೆಯ ಒಂದು ಆಸ್ಪತ್ರೆ ಕಟ್ಟಡದಲ್ಲಿ ತರಬೇತಿಯನ್ನು ಮತ್ತೆ ಮೊದಲಿನಿಂದ ಮಾಡುತ್ತಿದ್ದಳು, ಸಂಜೆಯ ಬಸ್ಸಿಗೆ ಬಂದಳು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಒಳಗಿನಿಂದ ದಿನಚರಿ ತಂದು ಒಂದು ಪುಟ ತೆರೆದಳು. “ರಸ್ತೆ ಕಡೆಯ ಗಾಳಿಕಿಂಡಿಯನ್ನು ಮುಚ್ಚಬಾರದೆಂದು ಸಮಿತಿಯವರಿಗೆ ತಿಳಿಸಿದೆ.” ಕೆಳಗೆ ನನ್ನ ಸಹಿ. ಅಂದು ಫ್ಲೆಕ್ಸಿನ ಅಂಗಡಿಯವನು ಭಾವಚಿತ್ರ ಒಪ್ಪಿಸಲು ಕರೆದಿದ್ದ; ಓದದೆ ಸಹಿ ಹಾಕಿ ಓಡಿದ್ದೆ. ಪುಸ್ತಕವನ್ನು ಓದದೆ ಮಾರದ ನಾನು, ಜೀವಮಾನದಲ್ಲಿ ಓದದೆ ಬಿಟ್ಟದ್ದು ಅದೊಂದೇ ಪುಟವಿರಬೇಕು.

“ಅವತ್ತೇ ಇದನ್ನ ಯಾಕಮ್ಮ ನನ್ನ ಮುಖಕ್ಕೆ ಹಿಡೀಲಿಲ್ಲ?”

“ನೀವು ಗೋಡೆ ಹತ್ರಾನೇ ಬರ್ಲಿಲ್ವಲ್ಲ ತಾತ” ಎಂದಳು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ತಪ್ಪು ನನ್ನದೆಂದು ಕಾಲೇಜಿಗೆ ಬರೆದೆ. ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆಯೆಂದು ಅವರು ಮರ್ಯಾದೆಯಿಂದಲೇ ಉತ್ತರಿಸಿದರು. ಜೊತೆಯವರೆಲ್ಲ ಮುಂದೆ ಹೋದರು. ಅವಳು ಆರು ತಿಂಗಳು ಹಿಂದೆ ಉಳಿದಳು. ಊರಿನಲ್ಲಿ ಕಥೆಯನ್ನು ತಿದ್ದಲು ಹೊರಟೆ. ಹೋಟೆಲಿನಲ್ಲಿ ಲೋಕೇಶ ಟೀ ಲೋಟ ಕೆಳಗಿಟ್ಟು, “ಫ್ಯಾನ್ ಸರಿಯಾಗಿತ್ತು ಅನ್ನಕ್ಕೆ ಶಾಸನ ಐತಾ ರಂಗಪ್ನೋರೇ?” ಎಂದ. ಎಲ್ಲರೂ ನಕ್ಕರು. ನಾನು ಇಷ್ಟು ವರ್ಷ ಕೇಳಿದ್ದಕ್ಕೆ ಅವನು ಒಂದೇ ಸಲ ಕೇಳಿದ.

ಶಾಸನ ಇದೆ. ಇಳಿಸಿದ ಆ ಫ್ಲೆಕ್ಸನ್ನು ನಂಜಪ್ಪ ಒಯ್ದು, ಹಾಸನದ ದಾರಿಯ ಹಗರೆಯಲ್ಲಿ ತನ್ನ ಹುಲ್ಲಿನ ಬಣವೆಗೆ ಹೊದಿಸಿದ್ದಾನೆ. ಬಸ್ಸಿನಲ್ಲಿ ಕುಳಿತೇ ಅದನ್ನು ನೋಡಬಹುದು. ವಧೂವರರ ಮೇಲೆ ಗೆರೆಯಿಲ್ಲ, ಅಧ್ಯಕ್ಷರ ಮೇಲೂ ಇಲ್ಲ. ನಡುವೆ ಒಂದು ಸುತ್ತು ದೊಡ್ಡದಾಗಿರುವ ಮುಖ ಯಾರದೆಂದು ಯಾರನ್ನೂ ಕೇಳಬೇಕಾಗಿಲ್ಲ, ಕೆಳಗೆ ಹೆಸರಿದೆ. ಅದರ ಮೇಲಿನ ಗೆರೆಗಳನ್ನು ಎಣಿಸಿಕೊಂಡು ಹಳೇಬೀಡಿಗೆ ಬಂದು ಭವನದ ಕಿಂಡಿಯ ಪಟ್ಟಿಗಳನ್ನು ಎಣಿಸಿ. ಅಲ್ಲಿಯೂ ಆರು, ಇಲ್ಲಿಯೂ ಆರು.