ಮೂಲೆ ಬೆಂಚಿನ ಕವರು ಪ್ರಕರಣ

ಗಂಡಸಿಗೆ ಸವತಿಯ ಕಾಟ ಇರುವುದಿಲ್ಲ ಎಂದು ಯಾರೋ ಅನುಭವವಿಲ್ಲದವರು ಹೇಳಿರಬೇಕು. ನನಗಿದೆ. ಅದರ ಹೆಸರು ಕಸ.

ನನ್ನ ಶ್ರೀಮತಿ ಪಾರ್ಕಿನ ಸ್ವಚ್ಛತಾ ಪಡೆಯ ಮುಖ್ಯಸ್ಥೆಯಾದ ಮೇಲೆ ಬೆಳಿಗ್ಗೆ ಪಾರ್ಕು, ಸಂಜೆ ಪ್ಲಾಸ್ಟಿಕ್ ವಿರೋಧಿ ಸಭೆ. ನಡುವೆ ಹಳೆಯ ಪರದೆ, ದಿಂಬಿನ ಗವಸು, ನನ್ನ ಎರಡು ಪ್ಯಾಂಟು (ಒಂದು ಚೆನ್ನಾಗಿಯೇ ಇತ್ತು) ಕತ್ತರಿಸಿ ಬಟ್ಟೆ ಚೀಲ ಹೊಲಿಯುವ ಮಹಾಯಜ್ಞ. ಹೊಲಿಗೆ ಯಂತ್ರದ ಗರಗರ ನಿಂತಾಗ ಮಾತಾಡೋಣವೆಂದು ಕಾದರೆ, ದಾರ ಬದಲಿಸಿ ಮತ್ತೆ ಗರಗರ. ಕಸದಿಂದ ರಸ ತೆಗೆಯುವವರು ಇರಬಹುದು; ನಮ್ಮ ಮನೆಯಲ್ಲಿ ಸರಸವೂ ಇಲ್ಲ, ವಿರಸವೂ ಇಲ್ಲ. ಜಗಳಕ್ಕಾದರೂ ಇಬ್ಬರು ಬೇಕಲ್ಲ! ಕೊನೆಗೆ ಫ್ರಿಜ್ಜಿನ ಜೊತೆ ಮಾತಾಡತೊಡಗಿದೆ. ಅದು ಗೊಣಗಿಯಾದರೂ ಉತ್ತರ ಕೊಡುತ್ತಿತ್ತು.

ಒಂದು ದಿನ ಪಾರ್ಕಿನ ಮೂಲೆ ಬೆಂಚಿನಲ್ಲಿ ಕೂತಿದ್ದೆ. ಕಾಲ ಬಳಿ ಯಾರೋ ಎಸೆದ ಪ್ಲಾಸ್ಟಿಕ್ ಕವರು. ಅವಳು ಕಸ ಎತ್ತುವ ಉದ್ದನೆಯ ಇಕ್ಕಳ ಹಿಡಿದು ಬಂದಳು.

"ರೀ, ಕಾಲೆತ್ತಿ."

"ಸುಸ್ತಾಯ್ತಾ?"

"ಹೂಂ. ತಿಂಡಿ ತಿಂದ್ರಾ?"

"ಇನ್ನೂ ಇಲ್ಲ."

"ತಿನ್ನಿ ಮತ್ತೆ!"

ಆ ವಾರದ ಅತಿ ದೀರ್ಘ ದಾಂಪತ್ಯ ಸಂವಾದ ಅದು. ನನಗೆ ಜ್ಞಾನೋದಯವಾಯಿತು. ಅವಳು ಮನೆಯಿಂದ ಗಡೀಪಾರು ಮಾಡಿದ್ದ ಕವರುಗಳನ್ನು ನಾನು ಹಾಸಿಗೆಯಡಿ ಬಚ್ಚಿಟ್ಟಿದ್ದೆ (ಗಂಡಸಿಗೂ ಒಂದಿಷ್ಟು ಸ್ತ್ರೀಧನ ಬೇಡವೇ?). ಮರುದಿನ ಒಂದನ್ನು ಬೆಂಚಿನ ಕೆಳಗೆ ಬಿಟ್ಟೆ. ಬಂದಳು. ಮಾರನೆಯ ದಿನ ಎರಡು. ನಾಲ್ಕಾದಾಗ ಪಕ್ಕದಲ್ಲೇ ಕೂತು, "ಯಾವ ಮನೆಹಾಳ ರೀ ಇವನು?" ಎಂದು ನನ್ನನ್ನು ನನ್ನೆದುರೇ ಬೈದಳು. ಕಿವಿಗೆ ಎಷ್ಟು ಇಂಪಾಗಿತ್ತೆಂದರೆ ನಾನೂ ದನಿಗೂಡಿಸಿದೆ.

ಆಸೆ ಯಾರಪ್ಪನ ಮನೆಯದು? ಮರುದಿನ ಇಡೀ ಕಟ್ಟನ್ನೇ ಒಯ್ದೆ. ಬಾಗಿ ಹರಡುತ್ತಿದ್ದಾಗ ಹಿಂದಿನಿಂದ ಒಂದು ಕೈ ಕಾಲರು ಹಿಡಿಯಿತು. ಪಡೆಯ ಸದಸ್ಯರಾದ ಒಬ್ಬ ನಿವೃತ್ತ ಪೊಲೀಸರದು; ಎಲ್ಲರ ಬಾಯಲ್ಲೂ ಅವರು 'ಲಾಠಿ ಮಾವ'. ಆ ಮೂಲೆಯಲ್ಲಿ ಕಸ ಹೆಚ್ಚಿತೆಂದು ನನ್ನವಳೇ ಅವರನ್ನು ಪೊದೆಯ ಹಿಂದೆ ಕಾವಲಿಗೆ ಕೂರಿಸಿದ್ದಳಂತೆ!

"ಕ್ಯಾಪ್ಟನ್ ಅಕ್ಕಾ, ಮಾಲು ಸಮೇತ ಸಿಕ್ಕಿಬಿದ್ದ!"

ಅವಳು ಬಂದಳು. ಕವರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾಕ್ರೀ ಹೀಗೆ ಮಾಡಿದ್ರಿ?"

"ನೀನು ಬರ್ತೀಯಲ್ಲ ಅಂತ."

"ಮಾತಾಡೋಕೆ ಮನೆ ಇಲ್ವಾ?"

"ಮನೆ ಇದೆ. ನೀನಿರಲ್ಲ."

ಅವಳ ಕೈಯ ಇಕ್ಕಳ ಸ್ವಲ್ಪ ಹೊತ್ತು ಬಾಯಿ ತೆರೆದೇ ನಿಂತಿತು. "ನಾಳೆಯಿಂದ ನೀವೂ ಪಡೆಗೆ ಬನ್ನಿ," ಎಂದಳು ಮೆಲ್ಲಗೆ. ನಾನು ಉಬ್ಬಿಹೋದೆ. "ಆ ತುದಿ ಗೇಟಿಗೆ ಯಾರೂ ಇಲ್ಲ. ಲಾಠಿ ಮಾವ ಜೊತೇಲಿರ್ತಾರೆ."

ಈಗ ನಾನು ಪಾರ್ಕಿನ ಈ ತುದಿ, ಅವಳು ಆ ತುದಿ. ಮಾವ ತಾವು ಹಿಡಿದ ಕಳ್ಳರ ಕಥೆಗಳನ್ನು ಉಸಿರು ಬಿಡದೆ ಹೇಳುತ್ತಾರೆ (ಇತ್ತೀಚಿನ ಕಥಾನಾಯಕ ನಾನೇ). ನಿನ್ನೆ ದೂರದಿಂದ ಅವಳು ಕೈ ಬೀಸಿದಳು. ಮದುವೆಯಾದ ಹೊಸತು ನೆನಪಾಯಿತು. ನಾನು ಎರಡೂ ಕೈ ಎತ್ತಿ ಬೀಸಿದೆ. ಅವಳು ಮತ್ತೆ ಬೀಸಿದಳು, ಇನ್ನೂ ಜೋರಾಗಿ. ನಾನೂ ಬಿಡಲಿಲ್ಲ.

"ಸಾಕು ಬಿಡಪ್ಪಾ," ಎಂದರು ಮಾವ. "ನಿನ್ನ ಹಿಂದೆ ಕವರು ಬಿದ್ದಿದೆ, ಎತ್ತು ಅಂತಿದಾರೆ ಅವರು."