‘ಕೂಡದು’ ಇದ್ದಲ್ಲಿ ‘ತಕ್ಕದ್ದು’

ಇಡೀ ಜಗತ್ತು ಸೇರಿ ಒಂದು ಪದಕ್ಕೆ ಅನ್ಯಾಯ ಮಾಡಿದ್ದರೂ ಅದನ್ನು ಸರಿಪಡಿಸಲು ಒಬ್ಬ ಗಂಡಸು ಸಾಕು ಎಂದು ಪಂಡಿತರು ನಂಬಿದ್ದರು. ಆ ಗಂಡಸು ಯಾರು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಪಂಡಿತರೆಂದರೆ ಮಹಾಗ್ರಂಥ ಬರೆದವರೇನಲ್ಲ. ಫ್ಯಾನು, ಮಿಕ್ಸಿಗಳ ಜತೆ ಡಬ್ಬದಲ್ಲಿ ಬರುತ್ತವಲ್ಲ, ಯಾರೂ ಓದದ ಪುಸ್ತಕಗಳು, ಅವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಅವರ ಕಸುಬು. ಪಂಡಿತರು ಎಂಬುದು ಹೆಂಡತಿ ಇಟ್ಟ ಅಡ್ಡಹೆಸರು. ಬಟ್ಟೆ ಒಗೆಯುವ ಯಂತ್ರವೊಂದರ ಪುಸ್ತಕವನ್ನು ಅನುವಾದಿಸುತ್ತಿದ್ದಾಗ ಒಂದು ಸಾಲು ಕಂಡು ಅವರ ಪಿತ್ತ ನೆತ್ತಿಗೇರಿತು. ಬಳಕೆದಾರರು ಈ ಯಂತ್ರವನ್ನು ‘ಟಿಂಕರ್’ ಮಾಡಕೂಡದಂತೆ!

ಏನೆಂದುಕೊಂಡಿದ್ದಾರೆ ಟಿಂಕರ್ ಎಂದರೆ? ಊರೂರು ಅಲೆದು, ತೂತು ಬಿದ್ದ ಪಾತ್ರೆಗಳನ್ನು ಮುಚ್ಚಿಕೊಟ್ಟ ಕಸುಬುದಾರ! ಆ ಹೆಸರು ‘ಟಿನ್’ ಎಂಬ ತಗಡಿನಿಂದ ಬಂತೋ, ಪಾತ್ರೆ ಬಡಿಯುವ ಟಿಂಕ್ ಟಿಂಕ್ ಸದ್ದಿನಿಂದ ಬಂತೋ, ತಿಳಿದವರು ಇನ್ನೂ ಜಗಳವಾಡುತ್ತಿದ್ದಾರೆ. ಅಂಥವನ ಹೆಸರನ್ನು ‘ಗೊತ್ತಿಲ್ಲದೆ ಕೈಯಾಡಿಸುವುದು’ ಎಂಬ ಅರ್ಥಕ್ಕೆ ಇಳಿಸಿಬಿಟ್ಟರಲ್ಲ! ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಟ್ಟವರೂ ಇದ್ದಿರಬೇಕು, ಹೆಸರು ಸುಮ್ಮಸುಮ್ಮನೆ ಕೆಡುವುದಿಲ್ಲ ಎಂದು ಹೆಂಡತಿ ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಪಂಡಿತರು ‘ಕೂಡದು’ವನ್ನು ಹೊಡೆದುಹಾಕಿದರು. ‘ಬಳಕೆದಾರರು ಪಾತ್ರೆ ಬೆಸೆಯುವವರಂತೆ ತಾಳ್ಮೆಯಿಂದ ದುರಸ್ತಿ ಮಾಡಿಕೊಳ್ಳತಕ್ಕದ್ದು’ ಎಂದು ಬರೆದು, ಆ ಕಸುಬಿನ ಮಾನ ಉಳಿಸಿದರು. ಕಂಪನಿಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಪುಸ್ತಕ ಅಚ್ಚಾಯಿತು. ಅದೇ ಖುಷಿಯಲ್ಲಿ ಅದೇ ಯಂತ್ರವನ್ನು ಮನೆಗೂ ತಂದರು.

ಹೆಂಡತಿ ರೈಲು ಚಾಲಕಿ. ವರ್ಷಗಟ್ಟಲೆ ಕಲ್ಲಿದ್ದಲು, ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳನ್ನೇ ಓಡಿಸಿದವಳಿಗೆ ಆ ದಿನ ಮಧ್ಯಾಹ್ನ ಮೊದಲ ಸಲ ಪ್ರಯಾಣಿಕರ ರೈಲು ಸಿಕ್ಕಿತ್ತು. ಬೆಳಿಗ್ಗೆ ಸಮವಸ್ತ್ರವನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ನಾಲ್ಕು ಸುತ್ತು ಸುತ್ತಿ, ಹೊಟ್ಟೆ ತುಂಬ ನೀರು ಇಟ್ಟುಕೊಂಡು ನಿಂತುಬಿಟ್ಟಿತು. ಬಾಗಿಲು ತೆರೆಯಲೊಲ್ಲದು. ಗಾಜಿನ ಹಿಂದೆ ಅವಳ ಅಂಗಿ ತೋಳು ಚಾಚಿಕೊಂಡು ಕಾಣುತ್ತಿತ್ತು. ಅವಳು ರಿಪೇರಿಯವನಿಗೆ ಫೋನು ಮಾಡಿದಳು.

ರಿಪೇರಿಯವ! ತನ್ನಂಥವನು ಮನೆಯಲ್ಲಿರುವಾಗ! ಪಂಡಿತರು ಸ್ಕ್ರೂಡ್ರೈವರನ್ನೂ ಪುಸ್ತಕವನ್ನೂ ಹಿಡಿದು ಬಚ್ಚಲುಮನೆ ಹೊಕ್ಕರು.

“ರೀ, ಕೈ ಹಾಕ್ಬೇಡಿ. ಅವನು ಬರ್ತಾನೆ.”

“ಪುಸ್ತಕದಲ್ಲಿ ಹಾಕು ಅಂತಿದೆ” ಎಂದು ಬಚ್ಚಲಿನ ಬಾಗಿಲು ಮುಚ್ಚಿಕೊಂಡರು.

ಹಿಂದಿನ ತಗಡು ಬಿಚ್ಚಿದರು. ಕೊಳವೆಯೊಂದನ್ನು ಎಳೆದರು, ಅರ್ಧ ನೀರು ನೆಲಕ್ಕೆ, ಉಳಿದರ್ಧ ಪಂಡಿತರ ಮೈಗೆ. ಯಂತ್ರ ಅಲುಗಾಡದಂತೆ ಅಡಿಯಲ್ಲಿ ಬಿಗಿದಿದ್ದ ಭಾರದ ಕಲ್ಲು ಅನವಶ್ಯಕವೆನಿಸಿ ಅದನ್ನು ಕಳಚಿ ಪಕ್ಕಕ್ಕಿಟ್ಟು, ಎರಡು ತಂತಿ ಜೋಡಿಸಿ, ಸ್ವಿಚ್ಚು ಒತ್ತಿದರು. ಯಂತ್ರಕ್ಕೆ ದೆವ್ವ ಹಿಡಿಯಿತು! ಗಡಗಡ ನಡುಗುತ್ತಾ, ಒದ್ದೆ ನೆಲದ ಮೇಲೆ ಕುಣಿಯುತ್ತಾ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ಗೂಟ ಹೊಡೆದಂತೆ ನಿಂತಿತು. ಪಂಡಿತರು ಪ್ಲಗ್ಗು ಕಿತ್ತರು. ಆದರೆ ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗೆ ಪಂಡಿತರು, ಅವರ ಜತೆ ಹೆಂಡತಿಯ ಸಮವಸ್ತ್ರ. ಹೊರಗೆ ಗಡಿಯಾರ ನೋಡುತ್ತಾ ಹೆಂಡತಿ. ಇಷ್ಟು ವರ್ಷ ಕಾದು ಸಿಕ್ಕ ರೈಲು, ಅದು ನನಗಾಗಿ ನಿಲ್ಲುವುದಿಲ್ಲ ಎಂದಳು. ಪಂಡಿತರು ಯಂತ್ರವನ್ನು ಎಳೆದು ನೋಡಿದರು, ಅದು ಜಗ್ಗಲಿಲ್ಲ. ಬಾಯಿ ಮಾತ್ರ ಕಂಪನಿಯನ್ನು ಬಯ್ಯುತ್ತಿತ್ತು.

ಅಷ್ಟರಲ್ಲಿ ರಿಪೇರಿಯವ ಬಂದ. ನಡೆದದ್ದು ಕೇಳಿ, ಬಳಕೆದಾರರು ಬಿಚ್ಚಿದ ಮೇಲೆ ಗ್ಯಾರಂಟಿ ಮುಗಿಯಿತು ಎಂದ. ಪಂಡಿತರು ಕೆಂಡವಾದರು. ಅಚ್ಚಾದ ಅಕ್ಷರಕ್ಕೆ ಬೆಲೆಯೇ ಇಲ್ಲವೆ ಎಂದು ಒಳಗಿನಿಂದ ಗುಡುಗಿ, ಸಾಲಿನ ಕೆಳಗೆ ಉಗುರಿನಿಂದ ಗೀರಿ, ಪುಸ್ತಕವನ್ನು ಬಾಗಿಲ ಸಂದಿಯಿಂದ ಹೊರಕ್ಕೆ ತಳ್ಳಿದರು.

ರಿಪೇರಿಯವ ಅದನ್ನು ಎತ್ತಿಕೊಂಡು ಓದಿದ.

“ಇದೇ ಸಾಲು” ಎಂದ ರಿಪೇರಿಯವ, ಕೈಯಲ್ಲಿದ್ದ ಸ್ಪ್ಯಾನರನ್ನು ಆಡಿಸುತ್ತಾ. “ಇದನ್ನ ನಂಬಿ ಊರವರೆಲ್ಲ ಯಂತ್ರ ಬಿಚ್ಚಿ ಕೂತಿದ್ದಾರೆ. ನನಗೆ ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಬರೆದವನು ಒಂದು ಸಲ ಕೈಗೆ ಸಿಗಲಿ, ಸಾಕು.”

ಇಷ್ಟು ಹೊತ್ತು ಬಾಗಿಲು ತೆರೆಯಿರಿ ಎಂದು ಕೂಗಾಡುತ್ತಿದ್ದ ಪಂಡಿತರು ಕೈ ನೀಡಿ, ಆದಷ್ಟು ಸದ್ದಾಗದಂತೆ ಒಳಗಿನಿಂದ ಚಿಲಕವನ್ನೂ ಹಾಕಿಕೊಂಡರು!

ಹೆಂಡತಿ ಸಾಲನ್ನು ಓದಿದಳು. ಒಳಗೆ ಚಿಲಕ ಸರಿದ ಸಣ್ಣ ಸದ್ದನ್ನೂ ಕೇಳಿಸಿಕೊಂಡಳು. ಬರೆದವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಬರೆದವರನ್ನ ಆಮೇಲೆ ಹುಡುಕೋಣ” ಎಂದಳು. “ರೀ, ಚಿಲಕ ತೆಗೀರಿ. ಇವರ ಸ್ಪ್ಯಾನರು ಈಗ ನನ್ನ ಕೈಲಿದೆ.”

ಚಿಲಕ ಸರಿಯಿತು. ಹೊರಗಿನವರು ತಳ್ಳಿ, ಒಳಗಿನವರು ಎಳೆದು, ಯಂತ್ರ ಜರುಗಿತು. ನೀರು ಹೋಗುವ ದಾರಿಗೆ ಪಂಡಿತರದೇ ಕಾಲುಚೀಲ ಅಡ್ಡ ಬಿದ್ದಿತ್ತಷ್ಟೆ. ಅದನ್ನು ತೆಗೆದು, ಕಳಚಿದ್ದನ್ನೆಲ್ಲ ಜೋಡಿಸಿ, ಯಂತ್ರದ ಬಾಗಿಲು ತೆರೆದುಕೊಟ್ಟು ರಿಪೇರಿಯವ ಗೊಣಗುತ್ತಾ ಹೋದ. ಪಂಡಿತರು ಸಮವಸ್ತ್ರಕ್ಕೆ ಇಸ್ತ್ರಿ ತಿಕ್ಕಿದರು. ಅರ್ಧ ಒದ್ದೆಯ ಅಂಗಿಯನ್ನೇ ತೊಟ್ಟು ಹೆಂಡತಿ ಹೊರಟಳು. ರೈಲಿಗೆ ಇನ್ನೂ ಹೊತ್ತಿತ್ತು. ಹೊಸ್ತಿಲಲ್ಲಿ ನಿಂತು ತಿರುಗಿದಳು. ಈಗ ಬೈಗುಳ ಬಂತೆಂದು ಪಂಡಿತರು ತಲೆ ತಗ್ಗಿಸಿದರು.

“ನನಗೆ ಒಂದೇ ಒಂದು ವಿಷಯ ನಿಜ ಹೇಳಿಬಿಡಿ” ಎಂದಳು. “ನಮ್ಮ ಇಂಜಿನ್ನಿನ ಪುಸ್ತಕ ನೀವು ಕನ್ನಡಕ್ಕೆ ತಂದಿಲ್ಲ ತಾನೆ?”

ಇಲ್ಲ ಎಂದು ಪಂಡಿತರು ಆಣೆ ಮಾಡಿ ಹೇಳಿದರು.

“ಸರಿ” ಎಂದು ಅವಳು ಚಪ್ಪಲಿ ಮೆಟ್ಟಿದಳು. “ಹಾಗಾದ್ರೆ ಜನ ಮನೆ ಸೇರ್ತಾರೆ.”