ಕೂಸಿನ ಹೆಸರಿಗೊಂದು ಚುನಾವಣೆ

ನಮ್ಮ ಯಜಮಾನರನ್ನು ಯಾರ ಗೆಲುವಿನ ಮೆರವಣಿಗೆಗೂ ಕರೆಯಬೇಡಿ, ಕೈಮುಗಿದು ಹೇಳುತ್ತೇನೆ! ಗೆದ್ದವರ ಮುಖ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಸೋತವರಿಗೆ ಬಿದ್ದ ವೋಟೆಲ್ಲ ಎಲ್ಲಿ ಹೋದವು ಎಂಬುದೊಂದೇ ಚಿಂತೆ. ಹೋದ ಸಲ ಕೊಟ್ಟೂರಿನ ನಮ್ಮ ಓಣಿಯಿಂದ ಗೆದ್ದವನೊಬ್ಬ ಹಾರ ಹಾಕಿಕೊಂಡು ಪೇಡೆ ಹಂಚುತ್ತ ಬಂದ. ಇವರು ಎದುರು ನಿಂತು, “ತಮ್ಮಾ, ಮೂರರಾಗ ಎರಡು ಪಾಲು ಮಂದಿ ನಿನ್ನ ಬ್ಯಾಡ ಅಂದಾರ” ಎಂದು, ಪೇಡೆಯಲ್ಲಿ ಮೂರರಲ್ಲೊಂದು ಪಾಲು ಮುರಿದು ತಿಂದು, ಉಳಿದದ್ದನ್ನು ಅವನ ಕೈಗೇ ಕೊಟ್ಟರು! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಇಂಥವರ ಮನೆಯಲ್ಲಿ ಈಗ ಮೊಮ್ಮಗಳು ಹುಟ್ಟಿದ್ದಾಳೆ. ಅಯ್ಯೋ, ಆ ಮೂಗೇನು, ಆ ಬೆರಳೇನು! ಮೂರನೇ ಕ್ಲಾಸು ಕಲಿತ ನನಗೆ ಬರೆಯಲು ಅಕ್ಷರ ಸಾಲವು. ಆದರೆ ಹೆಸರು? ಮಗ ‘ಆದ್ಯಾ’ ಎಂದ, ಮಗಳು ‘ಸಾನ್ವಿ’ ಎಂದಳು, ಭಾವ ‘ಕೊಟ್ರಮ್ಮ’ ಎಂದರು. ಯಜಮಾನರು ಮೂರು ಲೋಟಕ್ಕೆ ಚೀಟಿ ಅಂಟಿಸಿ, ಮನೆಯ ಒಂಬತ್ತು ಮಂದಿಗೂ ಒಂದೊಂದು ಶೇಂಗಾ ಬೀಜ ಕೊಟ್ಟರು. ಸಾನ್ವಿಗೆ ನಾಲ್ಕು, ಆದ್ಯಾಗೆ ಮೂರು, ಕೊಟ್ರಮ್ಮನಿಗೆ ಎರಡು. ಮಗಳು ಕುಣಿದಳು.

“ಕುಣೀಬ್ಯಾಡ. ಐದು ಮಂದಿಗೆ ಈ ಹೆಸರು ಬೇಕಾಗಿಲ್ಲ.”

“ಹಂಗಾರ ಕೂಸಿಗೆ ‘ಏ ಹುಡುಗಿ’ ಅಂತ ಕರೀಲೇನಪ್ಪಾ?”

ಮತ್ತೆ ಚುನಾವಣೆ! ಈ ಸಲ ಒಪ್ಪಿಗೆಯಾದ ಹೆಸರಿಗೆಲ್ಲ ಒಂದೊಂದು ಬೀಜ ಹಾಕಬಹುದು. ಜಗಳ ಯಾಕೆಂದು ಎಲ್ಲರೂ ಎಲ್ಲ ಲೋಟಕ್ಕೂ ಹಾಕಿದರು. ಮೂರೂ ಗೆದ್ದವು! ತೊಟ್ಟಿಲ ಕಾರ್ಯ ನಾಳೆಗೆ ಬಂದಿತ್ತು, ಇವರು ಇನ್ನೂ ಎಣಿಸುತ್ತ ಕೂತಿದ್ದರು. ನನಗೆ ತಲೆ ಚಿಟ್ಟು ಹಿಡಿಯಿತು.

ಮರುದಿನ ಬೆಳಿಗ್ಗೆ ಕೂಸಿಗೆ ಎರೆದು ಒರೆಸುತ್ತಿದ್ದೆ. ಇವರು ಬಚ್ಚಲ ಬಾಗಿಲಿಗೆ ಬಂದು ನಿಂತರು.

“ಲೇ, ಮೊದಲನೇ ಸಲ ನೀ ಯಾವುದಕ್ಕ ಹಾಕಿದಿ?”

“ಮಗಳು ಹೇಳಿದ್ದಕ್ಕ.”

“ದಿನಾ ಎರೆಯೋ ಮುಂದ ಕೂಸಿಗೆ ಏನಂತ ಕರೀತಿ?”

ನನಗೆ ನಾಚಿಕೆಯಾಯಿತು. ನನ್ನ ತವರೂರು ಹಲವಾಗಲು. ಹೊಳೆಯ ದಂಡೆಯಲ್ಲಿ ಬೆಳೆದವಳು ನಾನು.

“ತುಂಗಾ ಅಂತ... ಸುಮ್ಮನ ಬಾಯಿಗೆ ಬಂತ್ರಿ.”

“ಚೀಟಿ ಬರೆಯೋ ಮುಂದ ನಿನ್ನ ಕೇಳಲೇ ಇಲ್ಲಲ್ಲ ನಾನು” ಎಂದರು. ದನಿ ಸಣ್ಣದಾಗಿತ್ತು.

ಹಿಂದೆ ನಿಂತು ಕೇಳಿಸಿಕೊಂಡ ಮಗಳು ಮುಂದೆ ಬಂದಳು. ಹೆಸರಿಡುವ ಸೋದರತ್ತೆ ಅವಳೇ ತಾನೆ? ಕೂಸಿನ ಕಿವಿಗೆ ಬಾಗಿ “ತುಂಗಾ” ಎಂದಳು. ಯಜಮಾನರು ವೋಟಿಗೆಂದು ಕೈ ಎತ್ತಿದರು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಬಾಣಂತಿ ಸೊಸೆಯೂ ಎತ್ತಿದಳು.

ನನ್ನ ಎರಡೂ ಕೈಯಲ್ಲಿ ಕೂಸಿತ್ತು.